ಮುಯ್ಯಾಳು ಬೇಡವೆಂದ ಊರು

2022ರ ಜೂನ್‌ನಲ್ಲಿ ನನ್ನನ್ನು ಚನ್ನಪಟ್ಟಣದ ಕ್ರೈಸ್ತ ಸಭೆಗೆ ಸಭಾಪಾಲಕಿಯಾಗಿ ವರ್ಗ ಮಾಡಿದರು. ನಿವೃತ್ತಿಗೆ ಮುಂಚಿನ ಕಡೆಯ ಜಾಗ ಅದು. ಅದರ ಜೊತೆಗೆ ಮಾಗಡಿಯಿಂದಾಚೆ ಇರುವ ಒಂದು ಹಳ್ಳಿಯ ಪುಟ್ಟ ಸಭೆಯನ್ನೂ ನನಗೇ ಅಂಟಿಸಿದರು. ತಿಂಗಳಿಗೊಂದು ಶನಿವಾರ ರಾಮನಗರದಲ್ಲಿ ಬಸ್ಸು ಬದಲಿಸಿ, ಮಾಗಡಿಯಲ್ಲಿ ಮತ್ತೊಂದು ಬಸ್ಸಿಗೆ ಕಾದು, ಮೈಯೆಲ್ಲ ಧೂಳಾಗಿ ಆ ಊರು ಸೇರುತ್ತಿದ್ದೆ. ಶನಿವಾರ ಸಂಜೆ ಮಕ್ಕಳಿಗೆ ತರಗತಿ, ಭಾನುವಾರ ಆರಾಧನೆ, ಸೋಮವಾರ ಬೆಳಿಗ್ಗೆ ವಾಪಸ್ಸು.

ಆ ಊರಿನವರು ಅದುವರೆಗೆ ಹೆಣ್ಣು ಪಾಸ್ಟರನ್ನು ಕಂಡವರಲ್ಲ. ಗಂಡಸಾದರೆ ‘ಅಯ್ಯನೋರು’, ಅವರ ಹೆಂಡತಿಯಾದರೆ ‘ಅಮ್ಮನೋರು’. ನನ್ನನ್ನು ಏನೆನ್ನುವುದು? ಎರಡನ್ನೂ ಸೇರಿಸಿ ‘ಅಯ್ಯನೋರಮ್ಮ’ ಎಂದು ನಾಮಕರಣ ಮಾಡಿದರು. ನನ್ನ ಯಜಮಾನರನ್ನು ಏನೆಂದು ಕರೆಯಬೇಕೆಂಬುದು ಮಾತ್ರ ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ಮೊದಲ ಭಾನುವಾರವೇ ಸಮಾಧಾನಪ್ಪ ನನ್ನ ಕಣ್ಣಿಗೆ ಬಿದ್ದರು. ಎಪ್ಪತ್ತರ ಆಸುಪಾಸು, ಬಿಳಿ ಪಂಚೆ, ಹಿಂದಿನ ಸಾಲಿನ ಗೋಡೆ ಪಕ್ಕದ ಜಾಗ. ಹಾಡಿಗೆ ಎಲ್ಲರಿಗಿಂತ ಗಟ್ಟಿಯಾದ ದನಿ ಅವರದೇ. ದೇವರ ವಾಕ್ಯದ ಮೇಲಿನ ನನ್ನ ಪ್ರಸಂಗವನ್ನು ಕಣ್ಣು ಮಿಟುಕಿಸದೆ ಕೇಳಿದರು. ಆದರೆ ನಾನು ಪ್ರಭುಭೋಜನದ ಮೇಜಿನ ಬಿಳಿ ಬಟ್ಟೆ ತೆಗೆಯುತ್ತಿದ್ದಂತೆ ಎದ್ದು ಹೊರಗೆ ನಡೆದೇಬಿಟ್ಟರು. ಪ್ರಭುಭೋಜನವೆಂದರೆ ಯೇಸುಸ್ವಾಮಿಯ ಮರಣದ ನೆನಪಿಗೆ ಸಭೆಯವರೆಲ್ಲ ಒಟ್ಟಾಗಿ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುವ ಸಂಸ್ಕಾರ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಊಟವಿಲ್ಲ. ಅಷ್ಟೂ ಹೊತ್ತು ಆ ಮನುಷ್ಯ ಅಂಗಳದ ಗಿಡಗಳಿಗೆ ನೀರು ಹಾಕುತ್ತಿದ್ದರು.

ಆರಾಧನೆ ಮುಗಿದ ಮೇಲೆ ಕಾರಣ ಕೇಳಿದರೆ ಎಲ್ಲರೂ ಅವರ ತಮ್ಮ ಜ್ಞಾನಪ್ಪನವರ ಕಡೆ ನೋಡಿದರು. ಜ್ಞಾನಪ್ಪ ನಗುಮೊಗದ ಮನುಷ್ಯ. ಎಡಗಾಲು ಕುಂಟು. ಇಪ್ಪತ್ತು ವರ್ಷದ ಹಿಂದೆ ಅಣ್ಣತಮ್ಮಂದಿರು ಹೊಲದ ಬದುವಿನ ವಿಷಯಕ್ಕೆ ಜಗಳವಾಡಿದ್ದರಂತೆ. ಸಿಟ್ಟಿನಲ್ಲಿ ಸಮಾಧಾನಪ್ಪ ಗುದ್ದಲಿ ಬೀಸಿದ್ದು ತಮ್ಮನ ಪಾದಕ್ಕೆ ಬಿದ್ದಿತ್ತು. ಹೆಸರಿಗೂ ಆ ದಿನಕ್ಕೂ ಸಂಬಂಧವೇ ಇರಲಿಲ್ಲ.

“ನಾನು ಆಸ್ಪತ್ರೆ ಮಂಚದ ಮೇಲೇ ಬುಟ್ಬುಟ್ಟೆ ಕಣವ್ವ, ಹೋಗ್ಲಿ ಬುಡಣ್ಣ ಅಂದೆ. ಅವನೇ ಬುಟ್ಟಿಲ್ಲ,” ಎಂದರು ಜ್ಞಾನಪ್ಪ.

ಅಂದಿನಿಂದ ಸಮಾಧಾನಪ್ಪ ಪ್ರತಿ ಮುಂಗಾರಿನಲ್ಲೂ ಮೊದಲು ತಮ್ಮನ ಹೊಲ ಉತ್ತು, ಆಮೇಲೆ ತಮ್ಮದಕ್ಕೆ ಇಳಿಯುತ್ತಿದ್ದರು. ಕಳೆ ಕೀಳುವುದು, ಕೊಯ್ಲು, ಬೇಲಿ ಕಟ್ಟುವುದು, ಎಲ್ಲದರಲ್ಲೂ ತಮ್ಮನದೇ ಮೊದಲು. ತಮ್ಮ ಬೇಡವೆಂದರೂ ಕೇಳುವವರಲ್ಲ. ಆ ಊರಲ್ಲಿ ಮುಯ್ಯಾಳಿನ ಪದ್ಧತಿ ಈಗಲೂ ಇದೆ. ಇವತ್ತು ನೀನು ನನ್ನ ಹೊಲಕ್ಕೆ ಆಳಾಗಿ ಬಂದರೆ, ನಾಳೆ ನಾನು ನಿನ್ನ ಹೊಲಕ್ಕೆ ಬರಬೇಕು. ಕೂಲಿಯಿಲ್ಲ, ಆಳಿಗೆ ಆಳು. ಈ ಮುಯ್ಯಿಯ ವಿಷಯದಲ್ಲಿ ಸಮಾಧಾನಪ್ಪನವರಷ್ಟು ಖಡಕ್ಕಾದ ಮನುಷ್ಯ ಸುತ್ತಮುತ್ತ ಇರಲಿಲ್ಲ. ಅವರ ಮನೆಗೆ ಒಂದು ಬಟ್ಟಲು ಸಾರು ಕಳಿಸಿದರೆ ಸಂಜೆಯೊಳಗೆ ಬಟ್ಟಲು ತುಂಬಾ ಹುರುಳಿಕಾಳು ಬರುತ್ತಿತ್ತು.

ಆ ಸಂಜೆ ಅವರ ಜಗಲಿಯಲ್ಲಿ ಕೂತು ನನ್ನ ಕಸುಬಿನ ಮಾತು ತೆಗೆದೆ. ಕೃಪೆ ಎಂದರೇನು ಎಂದು ವಿವರಿಸುವುದು ನಮಗೆ ಅಕ್ಕಸಾಲಿಗನಿಗೆ ಚಿನ್ನ ತೂಗಿದಷ್ಟೇ ದಿನನಿತ್ಯದ ಕೆಲಸ. ದೇವರು ಮನುಷ್ಯನನ್ನು ರಕ್ಷಿಸುವುದು ಅವನ ಯೋಗ್ಯತೆ ನೋಡಿ ಅಲ್ಲ, ಪುಣ್ಯ ಸಂಪಾದನೆ ಎಣಿಸಿಯೂ ಅಲ್ಲ. ಅದು ಕೊಡುಗೆ, ಅದನ್ನು ನಂಬಿಕೆಯಿಂದ ತೆಗೆದುಕೊಳ್ಳಬೇಕು. ಒಳ್ಳೆಯ ಕೆಲಸಗಳು ಆಮೇಲೆ ತಾವಾಗಿ ಬರುತ್ತವೆ. ಇಷ್ಟನ್ನೂ ಹೇಳಿದೆ. ಅವರು ತಲೆದೂಗಿದರು. ಒಪ್ಪಿದರು ಎಂದುಕೊಂಡೆ.

“ಪುಗಸಟ್ಟೆ ಸಿಕ್ಕಿದ್ದು ಬಾಳ್ಕೆ ಬರಾಕಿಲ್ಲ ಕಣವ್ವ,” ಎಂದರು.

“ನಮಗೆ ಪುಗಸಟ್ಟೆ ಇರಬಹುದು ಸಮಾಧಾನಪ್ಪನವರೇ. ಕೊಟ್ಟವನು ಪ್ರಾಣವನ್ನೇ ಕೊಟ್ಟಿದ್ದಾನಲ್ಲ?”

“ಅದಕ್ಕೇ ಹೇಳಿದ್ದು. ಅಷ್ಟು ದೊಡ್ಡ ಆಳು ಬಂದು ದುಡ್ದವ್ನೆ. ನಾನು ಒಂದಿನಾನೂ ಮುಯ್ಯಿ ತೀರಿಸ್ದೆ ಕೈ ಒಡ್ಕಂಡು ಕುಂತ್ರೆ ಏನ್ ಚೆಂದ? ಮೊದ್ಲು ತಮ್ಮನ ಕಾಲಿನ್ದು ತೀರ್ಲಿ. ಆಮೇಲೆ ಬತ್ತೀನಿ.”

ದೇವರನ್ನೇ ಮುಯ್ಯಾಳಿನ ಪಟ್ಟಿಗೆ ಸೇರಿಸಿಬಿಟ್ಟಿದ್ದರು ಪುಣ್ಯಾತ್ಮ! ನಾನು ದೇವರ ವಾಕ್ಯ ಹೇಳಿದರೆ ಅವರು ಗಾದೆ ಹೇಳುತ್ತಿದ್ದರು, ಅವರ ಗಾದೆಗಳು ಮುಗಿಯುವ ಲಕ್ಷಣವೇ ಇರಲಿಲ್ಲ. ಸೋತು ಎದ್ದೆ.

ವಿಷಯ ಅಲ್ಲಿಗೇ ನಿಂತಿದ್ದರೆ ನಾನೂ ನಿಧಾನವಾಗಿ ನೋಡೋಣವೆಂದು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಆ ವರ್ಷ ದೃಢೀಕರಣದ ತರಗತಿ ನಡೆಯುತ್ತಿತ್ತು. ಕೂಸಾಗಿದ್ದಾಗ ದೀಕ್ಷಾಸ್ನಾನ ಪಡೆದ ಮಕ್ಕಳು ಪ್ರಾಯಕ್ಕೆ ಬಂದ ಮೇಲೆ ತಮ್ಮ ನಂಬಿಕೆಯನ್ನು ತಾವೇ ಬಾಯಿಬಿಟ್ಟು ಹೇಳಿ, ಮೊದಲ ಸಲ ಪ್ರಭುಭೋಜನಕ್ಕೆ ಬರುವುದೇ ದೃಢೀಕರಣ. ಅದಕ್ಕೆ ಬಿಷಪ್ಪರೇ ಬರಬೇಕು. ಜನವರಿಗೆ ದಿನ ಗೊತ್ತಾಗಿತ್ತು. ತರಗತಿಯಲ್ಲಿ ಸಮಾಧಾನಪ್ಪನವರ ಮೊಮ್ಮಗಳು ಸ್ಫೂರ್ತಿಯೂ ಇದ್ದಳು. ಮಾಗಡಿಯ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದ ಹುಡುಗಿ, ಅಜ್ಜನ ಹಟ ಹಾಗೇ ಬಂದಿತ್ತು.

“ತಾತ ನಂಜೊತೆ ಮೊಣಕಾಲೂರಿದ್ರೆ ನಾನೂ ಊರ್ತೀನಿ ಅಯ್ಯನೋರಮ್ಮ. ಇಲ್ಲಾಂದ್ರೆ ನಾನೂ ಹೋಗಿ ಗಿಡಕ್ಕೆ ನೀರು ಹಾಕ್ತೀನಿ,” ಎಂದು ಅಕ್ಟೋಬರ್‌ನಲ್ಲಿ ಘೋಷಿಸಿಯೇಬಿಟ್ಟಳು. ಅವಳ ತಾಯಿ ಅತ್ತರು. ಅಜ್ಜನಿಗೆ ವಿಷಯ ಮುಟ್ಟಿ, ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಆದರೂ ಮೇಜಿಗೆ ಬರುತ್ತೇನೆಂದು ಮಾತ್ರ ಹೇಳಲಿಲ್ಲ. ಅಜ್ಜನ ಲೆಕ್ಕ ತೀರದೆ ಮೊಮ್ಮಗಳ ಹಬ್ಬವಿಲ್ಲ, ಇಬ್ಬರಲ್ಲಿ ಯಾರೂ ಜಗ್ಗುವುದಿಲ್ಲ. ನನಗಂತೂ ನಿದ್ದೆ ಕೆಟ್ಟಿತು.

ನವೆಂಬರ್ ಕೊನೆಯಲ್ಲಿ ಸಮಾಧಾನಪ್ಪನವರಿಗೆ ಹರ್ನಿಯಾ ನೋವು ಜೋರಾಗಿ, ರಾಮನಗರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹೊಲದಲ್ಲಿ ರಾಗಿ ಕೊಯ್ಲಿಗೆ ಬಂದು ನಿಂತಿತ್ತು. ಮೇಲೆ ಮೋಡ ಕಟ್ಟಿತ್ತು. ಆಸ್ಪತ್ರೆಗೆ ನೋಡಲು ಹೋದಾಗ ಅವರಿಗೆ ಹೊಲಿಗೆಯ ನೋವಿಗಿಂತ ರಾಗಿಯ ಚಿಂತೆಯೇ ದೊಡ್ಡದಾಗಿತ್ತು. ಆಳು ಕರೆಯುವ ಹಾಗಿಲ್ಲ, ಏಕೆಂದರೆ ಕರೆದರೆ ಮುಯ್ಯಿ ತೀರಿಸಲು ಮೈ ಬಗ್ಗುವುದಿಲ್ಲ.

ಆ ಶನಿವಾರ ಊರಿಗೆ ಹೋದರೆ ತರಗತಿಗೆ ಒಂದು ಮಗುವೂ ಇಲ್ಲ. ಹುಡುಕಿಕೊಂಡು ಹೋದೆ. ಸಮಾಧಾನಪ್ಪನವರ ಹೊಲದ ತುಂಬಾ ಊರೇ ನೆರೆದಿತ್ತು! ಸಭೆಯವರಷ್ಟೇ ಅಲ್ಲ, ಗೌಡರ ಬೀದಿಯವರು, ಕುರಿ ಸಾಕುವವರು, ಎಲ್ಲರೂ ಬಗ್ಗಿ ಕೊಯ್ಯುತ್ತಿದ್ದರು. ಹೆಂಗಸರು ಕೊಯ್ದದ್ದನ್ನು ಸಿವುಡು ಕಟ್ಟುತ್ತಿದ್ದರು, ಮಕ್ಕಳು ಹೊರುತ್ತಿದ್ದರು. ಜ್ಞಾನಪ್ಪ ಬದುವಿನ ಮೇಲೆ ನಿಂತು ಮದುವೆ ಮನೆಯ ಯಜಮಾನನ ಹಾಗೆ ಕೂಗಾಡುತ್ತಿದ್ದರು. ಪಕ್ಕದ ಹೊಲದ ಸಿದ್ದೇಗೌಡರು ನನ್ನನ್ನು ಕಂಡು ಸೊಂಟ ನೆಟ್ಟಗೆ ಮಾಡಿ, “ಬನ್ರವ್ವ, ನೀವೂ ಒಸಿ ಕುಯ್ಯಿ,” ಎಂದು ಕುಡುಗೋಲು ಕೊಟ್ಟರು. ನಾನು ಕೊಯ್ದ ಸಾಲು ನೋಡಿ ಅವರ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕತ್ತಲಾಗುವ ಮುಂಚೆ ಮೆದೆ ಒಟ್ಟಿ ಮುಗಿಸಿದರು. ಮಾರನೆಯ ದಿನ ಮಳೆ ಹುಯ್ಯಿತು.

ಆಸ್ಪತ್ರೆಯಿಂದ ಬಂದ ಸಮಾಧಾನಪ್ಪ ಮೆದೆ ನೋಡಿ ಖುಷಿಪಡುವ ಬದಲು ಕಂಗಾಲಾದರಂತೆ. ಇಷ್ಟೊಂದು ಆಳು! ಡಿಸೆಂಬರ್ ಕಳೆಯುತ್ತಿದ್ದಂತೆ, ಡಾಕ್ಟರು ಹಗುರ ಕೆಲಸ ಮಾಡಬಹುದು ಎಂದದ್ದೇ ತಡ, ಕುಡುಗೋಲು ಹಿಡಿದು ಮನೆಮನೆಗೆ ಹೊರಟರು. ಆದರೆ ಜ್ಞಾನಪ್ಪ ಊರಿಗೆಲ್ಲ ಮೊದಲೇ ಹೇಳಿಟ್ಟಿದ್ದರು, ಯಾರೂ ಅಣ್ಣನಿಂದ ಮುಯ್ಯಾಳು ಇಸಿದುಕೊಳ್ಳಬಾರದು ಎಂದು. ಊರಿನವರಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಎಲ್ಲಿ ಸಿಗಬೇಕು? ಸಿದ್ದೇಗೌಡರ ಹೆಂಡತಿ, “ನಮ್ದು ಎಲ್ಲಾ ಆಗೋಯ್ತು,” ಎಂದರು. ಅವರ ಬೆನ್ನ ಹಿಂದೆಯೇ ಅವರೆ ಹೊಲ ಕೊಯ್ಯದೆ ನಿಂತಿತ್ತು. ಸಿದ್ದೇಗೌಡರು ಕೊಟ್ಟಿಗೆಯಲ್ಲಿ ಅಡಗಿ ಕೂತಿದ್ದರು. ಕುರಿಯವನಂತೂ ಇವರು ಬರುವುದನ್ನು ಕಂಡು, ಇಡೀ ಮಂದೆಯನ್ನು ಹೊಡೆದುಕೊಂಡು ಗುಡ್ಡದ ಕಡೆ ಓಡಿದನಂತೆ.

ಅವತ್ತು ಶನಿವಾರ. ಸಂಜೆ ನಾನು ತರಗತಿ ಶುರು ಮಾಡುವ ಹೊತ್ತಿಗೆ ಸಮಾಧಾನಪ್ಪ ಕುಡುಗೋಲಿನ ಸಮೇತ ಬಾಗಿಲಲ್ಲಿ ನಿಂತರು. ಮಕ್ಕಳು ಕಿಸಕ್ಕೆಂದವು. ಅವರ ಮುಖ ಮಾತ್ರ ಅಳುವ ಹಾಗಿತ್ತು.

“ಅಯ್ಯನೋರಮ್ಮ, ಊರೋರೆಲ್ಲ ಸೇರ್ಕಂಡು ನನ್ನ ಮಾನ ಕಳೀತಾವ್ರೆ. ಇದಕ್ಕೆಲ್ಲ ನಮ್ ತಮ್ಮನೇ ಕಾರಣ. ಬನ್ನಿ, ನೀವೇ ನ್ಯಾಯ ಹೇಳಿ.”

ಹೋದೆ. ತರಗತಿಯೂ ಹಿಂದೆಯೇ ಬಂತು. ಜ್ಞಾನಪ್ಪ ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. ಅಣ್ಣನ ಬೈಗುಳವನ್ನು ಪೂರಾ ಕೇಳಿಸಿಕೊಂಡರು. ಆಮೇಲೆ ಅವರ ಮುಖದ ನಗು ಹೋಯಿತು. ಅವರು ನಗದೆ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಅಣ್ಣ, ಅವತ್ತು ಆಸ್ಪತ್ರೆಲಿ ನಾನೇನಂದೆ?”

“ಬುಟ್ಟೆ ಅಂದೆ.”

“ಅಂದ್ನಾ? ಇಪ್ಪತ್ತು ವರ್ಷದಿಂದ ನೀನು ನೇಗಿಲು ಕಟ್ಕಂಡು ನನ್ನ ಹೊಲಕ್ಕೆ ಬತ್ತೀಯೆ. ಬಂದಾಗೆಲ್ಲ ನಂಗೆ ಕೇಳೋದು ಒಂದೇ. ‘ಜ್ಞಾನ, ನೀನು ಬುಟ್ಟಿಲ್ಲ ಕಣ್ಲಾ, ಸುಳ್ಳು ಹೇಳ್ದೆ ನೀನು.’ ನಾನು ಸುಳ್ಳುಗಾರನೇನಣ್ಣ? ಕಾಲು ನೋವು ಯಾವತ್ತೋ ಹೋಯ್ತು. ನನ್ನ ಮಾತು ನೀನು ನಂಬ್ನಿಲ್ವಲ್ಲ, ಅದು ನೋಯ್ತೈತೆ.”

ನನ್ನನ್ನು ನ್ಯಾಯಕ್ಕೆ ಕರೆದಿದ್ದರು, ಆ ನ್ಯಾಯವನ್ನು ಜ್ಞಾನಪ್ಪನವರೇ ಹೇಳಿ ಮುಗಿಸಿದ್ದರು. ಸಮಾಧಾನಪ್ಪ ಕುಡುಗೋಲನ್ನು ಗೋಡೆಗೆ ಒರಗಿಸಿ ತಮ್ಮನ ಪಕ್ಕ ಮೆಲ್ಲಗೆ ಕುಳಿತರು.

“ಅಂಗಾದ್ರೆ… ಅವತ್ತೇ ತೀರೋಗಿತ್ತಾ?”

“ಅವತ್ತೇ ಕಣಣ್ಣ.”

ಸಮಾಧಾನಪ್ಪ ಹಣೆ ಹಣೆ ಚಚ್ಚಿಕೊಂಡು, “ಅಯ್ಯೋ ಸಿವನೇ, ಇಪ್ಪತ್ತು ವರ್ಷ ಸುಮ್‌ಸುಮ್ನೆ ಉತ್ತುಬುಟ್ಟೆನಲ್ಲೋ!” ಎಂದು ಕೂಗಿದರು. ಪಾಸ್ಟರಮ್ಮನ ಎದುರಿಗೆ ಶಿವನನ್ನು ಕರೆದೆನೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ನಗು ಮೊದಲು ಯಾರಿಂದ ಶುರುವಾಯಿತೋ ಗೊತ್ತಿಲ್ಲ. ಮಕ್ಕಳು, ಕೊಟ್ಟಿಗೆಯಿಂದ ಹೊರಬಂದಿದ್ದ ಸಿದ್ದೇಗೌಡರು, ನಾನು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಮಾಧಾನಪ್ಪ ನಗುತ್ತಲೇ ಅಳುತ್ತಿದ್ದರು. “ಯಾಕ್ ಸುಮ್ನೆ? ಬೆಳೆ ತಿಂದೋನು ನಾನಲ್ವಾ?” ಎಂದು ಜ್ಞಾನಪ್ಪ ಅಣ್ಣನ ಮಡಿಲಿಗೆ ಒಂದು ಬೊಗಸೆ ಅವರೆಕಾಳು ಸುರಿದರು.

ಆದರೂ ಮೇಜಿಗೆ ಬರುತ್ತೇನೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ. ದೃಢೀಕರಣದ ಭಾನುವಾರ ಬಂತು. ಹೊರಗೆ ಚಪ್ಪರ, ಒಲೆಯ ಮೇಲೆ ಸಾರು, ಊಟಕ್ಕೆ ಇಡೀ ಊರಿಗೆ ಕರೆ. ಒಳಗೆ ಬಿಷಪ್ಪರು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಸ್ಫೂರ್ತಿ ತನ್ನ ನಂಬಿಕೆಯ ಮಾತನ್ನು ಒಂದೂ ತಪ್ಪದೆ ಹೇಳಿದಳು. ಬಿಷಪ್ಪರು ರೊಟ್ಟಿ ಕೊಡುವ ಕೆಲಸವನ್ನು ನನಗೆ ಬಿಟ್ಟು ತಾವು ದ್ರಾಕ್ಷಾರಸದ ಪಾತ್ರೆ ಹಿಡಿದರು. ನಾನು ಬಿಳಿ ಬಟ್ಟೆ ತೆಗೆದೆ.

ಸಮಾಧಾನಪ್ಪ ಎದ್ದರು. ಬಾಗಿಲ ಕಡೆ ನಡೆದು ಹೊರಗೆ ಹೋದರು.

ಸ್ಫೂರ್ತಿ ಕತ್ತು ತಿರುಗಿಸಿ ಬಾಗಿಲನ್ನೇ ನೋಡುತ್ತಿದ್ದಳು. ಬೇರೆ ಮಕ್ಕಳು ಎದ್ದು ಸಾಲಾದರು, ಇವಳು ಏಳಲಿಲ್ಲ. ಬಿಷಪ್ಪರು ನನ್ನ ಮುಖ ನೋಡಿದರು. ಇನ್ನೂ ಒಂದು ಹಾಡು ಹಾಡಿಸೋಣವೇ ಎಂದುಕೊಳ್ಳುತ್ತಿರುವಾಗ ಹೊರಗಿನಿಂದ ಸಮಾಧಾನಪ್ಪನವರ ದನಿ ಕೇಳಿತು. “ಬಾರ್ಲಾ, ಸಾರು ಬೇರೆಯೋರು ನೋಡ್ಕತಾರೆ!” ಅಡುಗೆಯ ಉಸ್ತುವಾರಿಗೆ ನಿಂತಿದ್ದ ತಮ್ಮನನ್ನು ಕೈಹಿಡಿದು ಎಳೆದುಕೊಂಡು ಒಳಗೆ ಬಂದರು. ನೇರ ಮುಂದೆ ಬಂದು ಮೊಣಕಾಲೂರಿದರು. ಜ್ಞಾನಪ್ಪ ಕುಂಟುಗಾಲನ್ನು ಪಕ್ಕಕ್ಕೆ ಚಾಚಿ ಅವರ ಎಡಕ್ಕೆ. ಸ್ಫೂರ್ತಿ ಓಡೋಡಿ ಬಂದು ಬಲಕ್ಕೆ. ಸಭೆಯಲ್ಲಿ ಓಡಬಾರದೆಂದು ಬಿಷಪ್ಪರೂ ಹೇಳಲಿಲ್ಲ.

ರೊಟ್ಟಿ ಕೊಡುವಾಗ ನಾವು “ನಿಮಗಾಗಿ ಕೊಡಲ್ಪಟ್ಟದ್ದು” ಎನ್ನುತ್ತೇವೆ, ತೆಗೆದುಕೊಳ್ಳುವವರು “ಆಮೆನ್” ಎನ್ನಬೇಕು. ಸಮಾಧಾನಪ್ಪ ಎರಡೂ ಕೈ ಚಾಚಿದರು. ನಾನು ಮಾತು ಮುಗಿಸುವಷ್ಟೂ ತಡೆಯಲಾಗದೆ, ಹೊಲದಿಂದ ಬಂದವರು ಹೆತ್ತವ್ವನನ್ನು ಕೇಳುವ ಹಾಗೆ, “ಕೊಡವ್ವ,” ಎಂದರು.

ಆಯುಷ್ಯದಲ್ಲಿ ಆ ಮನುಷ್ಯ ಯಾರನ್ನಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲಿರಬೇಕು. ಕೊಟ್ಟೆ. ನನಗೆ ಮುಂದಿನವರ ಮುಖ ಕಾಣಲಿಲ್ಲ, ಕಣ್ಣು ಮಂಜಾಗಿತ್ತು.

ಮಾರನೆಯ ಬೆಳಿಗ್ಗೆ ಬಸ್ಸಿಗೆ ಹೋಗುವಾಗ ನೋಡಿದರೆ ಸಮಾಧಾನಪ್ಪ ತಮ್ಮನ ಹೊಲದಲ್ಲೇ ಅವರೆಕಾಯಿ ಬಿಡಿಸುತ್ತಿದ್ದಾರೆ! “ಇದೇನು ಮತ್ತೆ ಮುಯ್ಯಿಯಾ?” ಎಂದು ಗದರಿದೆ.

“ಅಯ್ಯ ಬುಡ್ರವ್ವ, ಇದು ಮುಯ್ಯಿ ಅಲ್ಲ. ತಮ್ಮನ ಹೊಲ, ಬರ್ಬೇಕು ಅನ್ನಿಸ್ತು, ಬಂದೆ. ಸಾಕಾದ್ರೆ ಹೋಯ್ತೀನಿ,” ಎಂದರು. ಬಸ್ಸು ಬರುವಷ್ಟರಲ್ಲಿ ಸಾಕಾಯಿತೆಂದು ಕಾಣುತ್ತದೆ, ಅರ್ಧ ಸಾಲು ಬಿಟ್ಟು ಮರದ ನೆರಳಿಗೆ ಹೋಗಿ ಉದ್ದಕ್ಕೆ ಮಲಗಿದರು. ಜ್ಞಾನಪ್ಪ ಹೊಲದಲ್ಲಿ ಬಗ್ಗಿ ದುಡಿಯುತ್ತಲೇ ಇದ್ದರು. ಕೆಲಸ ಅರ್ಧಕ್ಕೆ ಬಿಟ್ಟು ಮಲಗಿದ ಸಮಾಧಾನಪ್ಪನವರನ್ನು ಊರು ಕಂಡದ್ದು ಅವತ್ತೇ ಮೊದಲು.

ನಂಬಿಕೆ ಎಂದರೆ ಗಟ್ಟಿ ಮನಸ್ಸಿನವರ ದೊಡ್ಡ ಸಾಧನೆ ಎನ್ನುವ ಹಾಗೆ ಎಷ್ಟೋ ಪ್ರಸಂಗಗಳಲ್ಲಿ ಹೇಳಿದ್ದೇನೆ. ನನ್ನ ಕೆಲಸ ಕೊನೆಯ ಜಾಗದಲ್ಲಿ ಕಲಿಸಿದ್ದು ಅದಕ್ಕಿಂತ ಸುಲಭವಾದದ್ದು, ಅದಕ್ಕೇ ಕಷ್ಟವಾದದ್ದು. ಕ್ಷಮಿಸಿದೆ ಎಂದವನು ಸುಳ್ಳು ಹೇಳುತ್ತಿಲ್ಲ ಎಂದು ಒಪ್ಪಿಕೊಳ್ಳುವುದೇ ನಂಬಿಕೆ. ಅಷ್ಟು ಒಪ್ಪಿಕೊಂಡವರು ಬೇಕೆಂದಾಗ ದುಡಿಯಬಹುದು, ದಣಿವಾದಾಗ ಮಲಗಬಹುದು.