ಬಿಸಿಯಾದ ಮೇಲೆ ಎಳೆದ ಆಯಿಲ್ ಕಡ್ಡಿ

ದಂಡ ತೆತ್ತವನು ನನ್ನ ಅಣ್ಣ. ಗಾಡಿಯ ಮಾಲೀಕರಿಗೆ ಒಂದು ಅಂಗಿ ಕೊಳೆಯಾಯಿತು, ಅಷ್ಟೇ. ಅವರ ಮ್ಯಾನೇಜರಿಗೆ ಅದೂ ಆಗಲಿಲ್ಲ.

ರಾಮನಗರ ಜಿಲ್ಲೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಮರಳವಾಡಿಯ ನಮ್ಮ ಮನೆಯಿಂದ ಅಣ್ಣ ಹಾರೋಹಳ್ಳಿಯ ಕಾರ್ಖಾನೆಯೊಂದಕ್ಕೆ ಮಾಲೀಕರ ಚಾಲಕನಾಗಿ ಹೋಗುತ್ತಿದ್ದ. ಗಾಡಿ ಬೇರೆಯವರು ಬಳಸಿ ಮಾರಿದ, ವಯಸ್ಸಾದ, ಜೀಪಿನಷ್ಟು ಎತ್ತರದ ವಿದೇಶಿ ಐಷಾರಾಮಿ ಕಾರು. ಅದಕ್ಕೆ ಕ್ಲಚ್ ಇರಲಿಲ್ಲ. ಗೇರುಗಳು ತಾವಾಗಿಯೇ ಬದಲಾಗುತ್ತಿದ್ದವು. ಆ ಬೇಸಿಗೆಯಲ್ಲಿ ಅವು ಸರಿಯಾಗಿ ಬದಲಾಗದಾದವು. ಎರಡನೆಯದರಿಂದ ಮೂರನೆಯದಕ್ಕೆ ಹೋಗುವಾಗ ಎಂಜಿನ್ ಒಮ್ಮೆ ಕೂಗಿಕೊಳ್ಳುತ್ತಿತ್ತು, ಗಾಡಿ ಅರೆಕ್ಷಣ ತಡೆಯುತ್ತಿತ್ತು, ಆಮೇಲೆ ಹಿಂದಿನಿಂದ ಯಾರೋ ಗುದ್ದಿದಂತೆ ಮುಂದಕ್ಕೆ ಜಿಗಿಯುತ್ತಿತ್ತು. ಹಾಗೆ ಜಿಗಿದ ಒಂದು ದಿನ ಮಾಲೀಕರ ಕಾಫಿ ಅವರ ಅಂಗಿಯ ಮೇಲೆ ಚೆಲ್ಲಿತು.

ಮರುದಿನ ಮ್ಯಾನೇಜರು ಅಣ್ಣನನ್ನು ಕರೆಸಿದರು. "ಆಟೊಮ್ಯಾಟಿಕ್ ಗಾಡಿ ಕಣಯ್ಯ, ತಾನೇ ಓಡುತ್ತೆ. ಅದನ್ನೂ ಕೆಡಿಸ್ತೀಯ ಅಂದ್ರೆ ನೀನಿನ್ನೂ ಟ್ರ್ಯಾಕ್ಟರ್‌ನಿಂದ ಇಳಿದೇ ಇಲ್ಲ."

ಅಜಾಗರೂಕತೆಯಿಂದ ಓಡಿಸಿ ಗೇರುಪೆಟ್ಟಿಗೆ ಕೆಡಿಸಿದ್ದೇನೆಂದು ಶುಕ್ರವಾರದೊಳಗೆ ಬರೆದುಕೊಡಬೇಕೆಂಬುದು ಅವರ ಆಜ್ಞೆ. ಬರೆದುಕೊಡದಿದ್ದರೆ ಕೆಲಸವಿಲ್ಲ, ಕೆಲಸ ಬಿಟ್ಟು ಬೇರೆಡೆ ಹೋಗೋಣವೆಂದರೆ ಡ್ರೈವಿಂಗ್ ಲೈಸೆನ್ಸ್ ಮ್ಯಾನೇಜರ ಬೀರುವಿನಲ್ಲಿತ್ತು. ಎಲ್ಲ ಚಾಲಕರ ಲೈಸೆನ್ಸನ್ನೂ ಕೆಲಸಕ್ಕೆ ಸೇರಿದ ದಿನವೇ ಮ್ಯಾನೇಜರು ಕಿತ್ತಿಟ್ಟುಕೊಳ್ಳುತ್ತಿದ್ದರು. ಇದು ಕಾನೂನಿಗೆ ವಿರುದ್ಧವೆಂದು ನಾನು ಹೇಳಿದಾಗಲೆಲ್ಲ ಅಣ್ಣ ನನ್ನ ಬಾಯಿ ಮುಚ್ಚಿಸುತ್ತಿದ್ದ.

ನಾನು ಓದಿದ ಶಾಲೆಯಲ್ಲಿ ಕಂಡದ್ದನ್ನು ಬರೆಯಲು, ಬರೆದುದಕ್ಕೆ ಹೆಸರು ಹಾಕಲು ಕಲಿಸಿದ್ದರು. ಗಾಡಿಯನ್ನು ಪರೀಕ್ಷೆ ಮಾಡಿ, ದೂರು ಬರೆದು, ಅಣ್ಣನನ್ನು ಉಳಿಸುತ್ತೇನೆಂದು ಹೊರಟೆ. ಬೆಳಗಿನ ಪಾಳಿಯ ಹಿಂದಿನ ರಾತ್ರಿ ಗಾಡಿ ನಮ್ಮ ಮನೆಯ ಮುಂದೆಯೇ ನಿಲ್ಲುತ್ತಿತ್ತು. ಅಂಥ ಒಂದು ಬೆಳಗ್ಗೆ, ಅಪ್ಪ ತಮ್ಮ ಟ್ರ್ಯಾಕ್ಟರಿಗೆ ದಿನವೂ ಮಾಡುವಂತೆ, ಕೀಲಿ ಮುಟ್ಟುವ ಮೊದಲೇ ಗೇರುಪೆಟ್ಟಿಗೆಯ ಆಯಿಲ್ ಕಡ್ಡಿ ಎಳೆದರು.

"ಹೊತ್ತಾರೆ, ತಣ್ಣಗಿರೋವಾಗ್ಲೇ ನೋಡ್ಬೇಕು ಕಣವ್ವ. ಬಿಸಿ ಆದ್ಮ್ಯಾಲೆ ಆಯಿಲ್ ಸುಳ್ ಯೋಳ್ತದೆ."

ಎಣ್ಣೆ ಮೇಲಿನ ಗೆರೆಯನ್ನೂ ದಾಟಿತ್ತು. ಗಾಡಿ ನಿಂತ ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಅಣ್ಣನ ಮುಖ ಇಳಿಯಿತು. "ಫುಲ್ ಐತೆ ಬುಡವ್ವ. ನಂದೇ ಏನೋ ತಪ್ಪಿರ್ಬೇಕು."

ಅವನು ತನ್ನನ್ನೇ ಅನುಮಾನಿಸತೊಡಗಿದ್ದು ನನಗೆ ಭಯ ಹುಟ್ಟಿಸಿತು. ಆ ಭಯದಲ್ಲೇ ಎರಡು ಪುಟ ಬರೆದೆ: ಎಣ್ಣೆ ಪೂರ್ತಿಯಿದೆ, ಸೋರಿಕೆ ಇಲ್ಲ, ಆದ್ದರಿಂದ ಗೇರುಪೆಟ್ಟಿಗೆ ವಯಸ್ಸಾಗಿ ಸವೆದಿದೆ, ಚಾಲಕ ಹೊಣೆಯಲ್ಲ. ಕೆಳಗೆ ನನ್ನ ಸಹಿ ಹಾಕಿ ಕಾರ್ಖಾನೆಗೆ ಕಳಿಸಿದೆ.

ಶುಕ್ರವಾರ ಮ್ಯಾನೇಜರು ಆ ಪತ್ರವನ್ನೇ ಅಣ್ಣನೆದುರು ಬಿಡಿಸಿಟ್ಟರು. "ಎಣ್ಣೆ ಸರಿಯಿದೆ ಅಂತ ನಿನ್ನ ತಂಗೀನೇ ಬರೆದಿದ್ದಾಳೆ. ಸವೆದಿದೆ ಅಂತ ಇವಳೇನು ಒಳಗಿಳಿದು ನೋಡಿದ್ಲಾ? ಎಣ್ಣೆ ಸರಿ, ಸೋರಿಕೆ ಇಲ್ಲ. ಇನ್ನು ಉಳಿದೋನು ಯಾರಯ್ಯಾ?"

ಅಣ್ಣ ಸಹಿ ಹಾಕಿ ಬಂದ. ಕೆಲಸ ಉಳಿಸುತ್ತದೆಂದುಕೊಂಡ ಆ ಸಹಿಯನ್ನೇ ಹಿಡಿದು, ಹೊಸ ಚಾಲಕ ಬಂದೊಡನೆ ಅವನು ಹೊರಡಬೇಕೆಂದರು.

ಸೋಮವಾರದವರೆಗೆ ಬೇರೆ ಚಾಲಕ ಸಿಗದ ಕಾರಣ, ಶನಿವಾರ ಅವನನ್ನೇ ಬಿಡದಿಗೆ ಅತಿಥಿಯೊಬ್ಬರನ್ನು ಕರೆತರಲು ಕಳಿಸಿದರು. ನಾನೂ ಹತ್ತಿದೆ, ಅವನನ್ನು ಒಂಟಿಯಾಗಿ ಬಿಡಲು ಧೈರ್ಯ ಬರಲಿಲ್ಲ. ಬೈರಮಂಗಲದ ಕೆರೆಯ ಮೇಲೆ ಬೆಂಗಳೂರಿನ ಕೊಳಚೆ ನೊರೆಯಾಗಿ ತೇಲುತ್ತಿತ್ತು. ಅದಕ್ಕೆ ಯಾರಿಂದಲೂ ತಪ್ಪೊಪ್ಪಿಗೆ ಬರೆಸಿಕೊಂಡಿರಲಿಲ್ಲ. ಬಿಡದಿ ಸಮೀಪಿಸುವಾಗ ಎಂಜಿನ್ ಕೂಗುತ್ತಲೇ ಇತ್ತು, ಚಕ್ರಕ್ಕೆ ಬಲ ಹೋಗುತ್ತಿರಲಿಲ್ಲ. ತೆವಳುತ್ತಾ ರಸ್ತೆ ಬದಿಯ ತಗಡಿನ ಶೆಡ್ಡೊಂದನ್ನು ಮುಟ್ಟಿದೆವು. ಅಲ್ಲಿದ್ದ ಮೆಕ್ಯಾನಿಕ್ ಕೊಲ್ಲಿ ದೇಶದಲ್ಲಿ ಇಂಥವೇ ಗಾಡಿಗಳನ್ನು ಬಿಚ್ಚಿ ಕಟ್ಟಿ ಬಂದವರು. ಅಣ್ಣ ಕೀಲಿಗೆ ಕೈ ಹಾಕುತ್ತಿದ್ದಂತೆ ಅವರು ಕೂಗಿದರು:

"ಆಫ್ ಮಾಡ್ಬೇಡ ಕಣಪ್ಪಾ! ಆಫ್ ಮಾಡಿದ್ರೆ ಕಾಯಿಲೆ ಮುಚ್ಕೊಂಡ್ಬುಡ್ತದೆ."

ಬ್ರೇಕ್ ಒತ್ತಿಸಿ, ಗೇರಿನ ಹಿಡಿಯನ್ನು ಒಂದೊಂದೇ ಮನೆಗೆ ಸರಿಸಿ, ಪಾರ್ಕಿಂಗಿಗೆ ತರಿಸಿದರು. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ ಎತ್ತಿದರು. ತುದಿಯಷ್ಟೇ ಒದ್ದೆಯಾಗಿತ್ತು.

"ಟ್ರ್ಯಾಕ್ಟರ್ ನೋಡ್ದಂಗೆ ಹೊತ್ತಾರೆ ನೋಡಿದ್ರಾ?" ಎಂದು ನಕ್ಕರು. "ನಿಂತಾಗ ಎಣ್ಣೆಯೆಲ್ಲ ತಳಕ್ಕೆ ಇಳ್ದು ಜಾಸ್ತಿ ಕಾಣ್ತದೆ ಮೇಡಂ. ಓಡುವಾಗ ಮೇಲಕ್ಕೆ ಎಳ್ಕೊಳ್ತದೆ. ಬಿಸಿ ಇದ್ದಾಗ್ಲೇ ಇದು ನಿಜ ಹೇಳೋದು."

ನನಗೆ ನಗು ಬರಲಿಲ್ಲ. ನನ್ನ ಎರಡು ಪುಟಗಳು ಕಣ್ಣೆದುರು ಬಂದವು.

ಅವರು ಕೆಳಗೆ ತೂರಿ ನೋಡಿ ಕರೆದರು. ಎಣ್ಣೆಯನ್ನು ತಣಿಸಲು ಮುಂಭಾಗಕ್ಕೆ ಒಯ್ಯುವ ಪೈಪಿನ ಸಂದಿಯಲ್ಲಿ ಕೆಂಪು ಹನಿಗಳು ಜಿನುಗುತ್ತಿದ್ದವು. ಎಂಜಿನ್ ನಿಲ್ಲಿಸಿದೊಡನೆ ಅವೂ ನಿಂತವು. "ಕಲ್ಲೇಟು ಬಿದ್ದೈತೆ. ಎಲ್ಲಿಗೆ ಹತ್ತಿಸ್ತಿದ್ದೆ ಇದನ್ನ?"

"ಕನಕಪುರದಾಚೆ ಕಲ್ಲು ಕ್ವಾರಿಗೆ, ಮಾಲೀಕರು ಯೋಳ್ದಂಗೆ, ವಾರಾ ವಾರಾ," ಎಂದ ಅಣ್ಣ. "ಅಡಿ ಬಡೀತೈತೆ ಸಾರ್ ಅಂತ ಎರಡು ಸಲ ಯೋಳಿದ್ದೆ." ದಿನವೂ ಬೆಳಗ್ಗೆ ಗಾಡಿಯ ತಳವನ್ನೂ ಪೈಪು ಹಿಡಿದು ತೊಳೆಯಬೇಕೆಂಬುದು ಮಾಲೀಕರ ನಿಯಮ. ಸೋರಿದ ಗುರುತನ್ನು ಅಣ್ಣನ ಕೈಯಿಂದಲೇ ತೊಳೆಸುತ್ತಿದ್ದರು.

ಪೈಪು ಸರಿಪಡಿಸಿ, ಆ ಗಾಡಿಗೆ ಹೇಳಿದ ಎಣ್ಣೆಯನ್ನೇ ಸ್ವಲ್ಪ ಸ್ವಲ್ಪವಾಗಿ ತುಂಬಿಸಿ, ಮೆಕ್ಯಾನಿಕ್ ಒಂದು ಚೀಟಿಯನ್ನೂ ಬರೆದುಕೊಟ್ಟರು. ಅತಿಥಿಯನ್ನು ಹತ್ತಿಸಿಕೊಂಡು ಹೊರಟ ಮೇಲೆ ಅಣ್ಣ ಬಹಳ ದೂರ ಉಸಿರು ಬಿಗಿಹಿಡಿದೇ ಓಡಿಸಿದ, ಗುದ್ದು ಈಗ ಬರುತ್ತದೆ ಎಂಬಂತೆ. "ಬತ್ತಾ ಇಲ್ಲ ಕಣವ್ವ," ಎಂದ ಕೊನೆಗೆ. ಆದರೆ ಸಹಿ ಅದಾಗಲೇ ಕಡತ ಸೇರಿತ್ತು.

ಸೋಮವಾರ ಮ್ಯಾನೇಜರು ಚೀಟಿಯನ್ನು ಓದಿ ಮಡಿಸಿದರು. "ಗಾಡಿ ಸರಿಯಾಯ್ತಲ್ಲ, ಒಳ್ಳೇದು. ಕಾಗದದ ಪ್ರಕಾರ ನೀನು ಹೊರಡು." ಗುಣವಾದ ಗಾಡಿಯನ್ನು ಹೊಸ ಚಾಲಕನಿಗೆ ಕೊಟ್ಟರು. ಸೇವಾ ಪ್ರಮಾಣಪತ್ರದಲ್ಲಿ ಇಂಗ್ಲಿಷಿನಲ್ಲಿ "ಅಜಾಗರೂಕ ಚಾಲನೆ" ಎಂದು ಬರೆದರು. ಅದನ್ನು ನೋಡಿ ಹಾರೋಹಳ್ಳಿಯ ಇನ್ಯಾವ ಗೇಟೂ ಅವನನ್ನು ಒಳಗೆ ಬಿಡಲಿಲ್ಲ. ಲೈಸೆನ್ಸ್ ಹಿಂದಿರುಗಿಸಲಿಲ್ಲ. ಎರಡನೆಯ ಪ್ರತಿ ಪಡೆಯಲು ಅದು ಕಳೆದುಹೋಗಿದೆಯೆಂದು ಅಣ್ಣ ಸುಳ್ಳು ಪ್ರಮಾಣ ಮಾಡಬೇಕಾಯಿತು. ಅದು ಎಲ್ಲಿದೆಯೆಂದು ಅವನಿಗೂ ನನಗೂ ಗೊತ್ತಿತ್ತು.

ತಪ್ಪುಗಳಲ್ಲಿ ನನ್ನದೂ ಒಂದು. ತಿಳಿಯದ ಯಂತ್ರದ ಬಗ್ಗೆ ತಿಳಿದವಳಂತೆ ಸಹಿ ಮಾಡಿದೆ. ಅದನ್ನು ಅಣ್ಣನ ಮುಂದೆ ಒಪ್ಪಿಕೊಂಡಿದ್ದೇನೆ. ಮಾಲೀಕರೇ, ಮ್ಯಾನೇಜರೇ, ನಿಮ್ಮದು ಬಾಕಿಯಿದೆ. ಬೀರು ತೆಗೆದು ಅವನ ಲೈಸೆನ್ಸನ್ನು ಮರಳಿಸಿ. ಅವನ ತಪ್ಪೊಪ್ಪಿಗೆಯನ್ನೂ ಅದಕ್ಕೆ ಆಧಾರವಾದ ನನ್ನ ಪತ್ರವನ್ನೂ ಕಡತದಿಂದ ಕಿತ್ತು ಅವನ ಕೈಗೇ ಕೊಡಿ. ಹೊಸ ಸೇವಾ ಪ್ರಮಾಣಪತ್ರವನ್ನು ಅವನು ಓದಬಲ್ಲ ಕನ್ನಡದಲ್ಲಿ ಬರೆದು, ಅದರಲ್ಲಿ ಈ ವಾಕ್ಯ ಸೇರಿಸಿ ಸಹಿ ಹಾಕಿ: "ಕ್ವಾರಿಯ ದಾರಿಯಲ್ಲಿ ಪೈಪಿಗೆ ಕಲ್ಲು ಬಡಿದು ಎಣ್ಣೆ ಸೋರಿತು, ಅಲ್ಲಿಗೆ ಕಳಿಸಿದವರು ನಾವು, ಚಾಲಕನ ತಪ್ಪಿಲ್ಲ."