ಹಫೀಜ್ ಯಾಕೆ ಕೈ ಎತ್ತಿದ?

ಮಾನ್ವಿಯ ಬಸ್ ನಿಲ್ದಾಣದ ಹಿಂದೆ ನನ್ನದು ಕಿರಾಣಿ ಅಂಗಡಿ. ಪಕ್ಕದ್ದು ಬುರ್ಹಾನುದ್ದೀನರ ಬಾಳೆಹಣ್ಣಿನ ಅಂಗಡಿ. ತಕ್ಕಡಿ ಮುಂದೆ ಕೂತು ಕೂತು ನನಗೆ ಯಾರನ್ನೂ ತಟ್ಟನೆ ನಂಬುವ ಅಭ್ಯಾಸವಿಲ್ಲ. ಗಿರಾಕಿ ನನ್ನ ತೂಕ ನಂಬುವುದಿಲ್ಲ, ನಾನು ಅವನ ನೋಟು ನಂಬುವುದಿಲ್ಲ, ವ್ಯಾಪಾರ ಮಾತ್ರ ಚೆನ್ನಾಗಿಯೇ ನಡೆದಿದೆ. ಹೀಗಾಗಿ ಬುರ್ಹಾನುದ್ದೀನರ ಮಗ ಹಫೀಜ್ ಕಬಡ್ಡಿ ಲೀಗಿನಲ್ಲಿ ಹೆಸರು ಕೆಡಿಸಿಕೊಂಡು ಮನೆಗೆ ಬಂದಾಗ ಅವನ ಮೇಲೆ ಮೊದಲು ಕಣ್ಣಿಟ್ಟವನು ನಾನೇ.

ಹಫೀಜ್ ಆಟ ಕಲಿತದ್ದು ಪೋತ್ನಾಳದಲ್ಲಿ, ಜಂಬಣ್ಣ ಮಾಸ್ತರರ ಬಯಲಿನಲ್ಲಿ. ಅಲ್ಲಿ ಅಂಪೈರ್ ಇರಲಿಲ್ಲ. ಎದುರಾಳಿ ಮುಟ್ಟಿದರೆ, ಯಾರು ನೋಡಲಿ ಬಿಡಲಿ, ಮುಟ್ಟಿಸಿಕೊಂಡವನೇ ಕೈ ಎತ್ತಿ ಗೆರೆಯಾಚೆ ಹೋಗಬೇಕು. ಮುಚ್ಚಿಟ್ಟವನನ್ನು ಮಾಸ್ತರರು ಬೈಯುತ್ತಿರಲಿಲ್ಲ. ಮರುದಿನ ಆಟಕ್ಕೆ ಕರೆಯುತ್ತಿರಲಿಲ್ಲ, ಅಷ್ಟೇ. ಆ ಬಯಲಿನಲ್ಲೇ ಹಫೀಜ್ ಕಾಲು ಹಿಡಿದರೆ ಬಿಡದ ಆಟಗಾರನಾಗಿ ಬೆಳೆದ. ದೊಡ್ಡ ಲೀಗಿನ ತಂಡವೊಂದು ಅವನನ್ನು ತೆಗೆದುಕೊಂಡ ದಿನ ಓಣಿಗೆಲ್ಲ ಸಕ್ಕರೆ ಹಂಚಿದರು. ಸಕ್ಕರೆ ನನ್ನ ಅಂಗಡಿಯದು. ಪುಕ್ಕಟೆ ಕೊಟ್ಟೆ, ಅದನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಸೆಮಿಫೈನಲ್ ದಿನ ಓಣಿಯವರೆಲ್ಲ ನನ್ನ ಅಂಗಡಿಯ ಟಿವಿ ಮುಂದೆ ಕೂತಿದ್ದರು. ಅಂಕ ಸಮ, ಕೊನೆಯ ರೈಡ್. ಎದುರಾಳಿ ಬಂದ, ಕಾಲು ಚಾಚಿದ, ವಾಪಸು ಹೋದ. ಅಂಪೈರ್ ಏನೂ ಸಿಕ್ಕಿಲ್ಲವೆಂದು ಸನ್ನೆ ಮಾಡಿದ. ಎದುರಾಳಿಯೂ ಅಂಕ ಕೇಳಲಿಲ್ಲ. ಆಗ ನಮ್ಮ ಹಫೀಜ್ ಕೈ ಎತ್ತಿ, ಮ್ಯಾಟ್ ಬಿಟ್ಟು ಹೊರನಡೆದ. ಒಂದು ಅಂಕ ಹೋಯಿತು, ಅದರೊಂದಿಗೆ ಪಂದ್ಯವೂ ಹೋಯಿತು.

"ರೊಕ್ಕ ತಿಂದಾನ ಲೇ ಮಗ!" ಎಂದು ಹಿಂದಿನಿಂದ ಯಾರೋ ಕೂಗಿದರು. ನನಗೂ ಹಾಗೇ ಅನಿಸಿತು. ಯಾರೂ ನೋಡದ ತಪ್ಪನ್ನು ತಾನೇ ಹೇಳಿಕೊಳ್ಳುವವನು ಈ ಕಾಲದಲ್ಲಿ ಯಾರಿದ್ದಾನೆ? ಟಿವಿಯವರು ಮತ್ತೆ ಮತ್ತೆ ತೋರಿಸಿದರು. ಇನ್ನೊಬ್ಬ ಆಟಗಾರನ ಬೆನ್ನು ಅಡ್ಡ ಬಂದು, ಕಾಲು ಮುಟ್ಟಿತೋ ಇಲ್ಲವೋ ಕಾಣಲೇ ಇಲ್ಲ.

ವಿಚಾರಣೆ ಮುಗಿಯುವವರೆಗೆ ತಂಡದವರು ಅವನನ್ನು ಮನೆಗೆ ಕಳಿಸಿದರು. ದೇವದುರ್ಗದ ಬಸ್ಸಿಳಿದವರೂ ಅವನು ಕೂತ ಬಾಳೆಹಣ್ಣಿನ ಅಂಗಡಿಯೊಳಗೆ ಇಣುಕಿ ನೋಡಿ ಹೋಗತೊಡಗಿದರು. ನಾನಂತೂ ಬುರ್ಹಾನುದ್ದೀನರ ಮನೆಗೆ ಸುಣ್ಣ ಬಳಿದದ್ದನ್ನೂ ಬಿಡಲಿಲ್ಲ. ರೊಕ್ಕ ಎಲ್ಲಿಂದ ಬಂತು? ಹಫೀಜನ ತಂಗಿ ತಮನ್ನಾಳ ಕೈಯಲ್ಲಿ ಹೊಸ ಫೋನು, ಅದು ಯಾರು ಕೊಡಿಸಿದ್ದು?

ಒಂದು ಮಧ್ಯಾಹ್ನ ಹೆಲ್ಮೆಟ್ ತೆಗೆಯದ ಮನುಷ್ಯನೊಬ್ಬ ಗಾಡಿಯ ಮೇಲೆ ಕೂತೇ ಹಫೀಜನ ಕೈಗೆ ಮಿಠಾಯಿ ಡಬ್ಬಿ ಇಟ್ಟ.

"ಕೆಲಸ ಚಲೋ ಆತು ಅಂತ ಹೇಳ್ಯಾರ" ಎಂದು ಹೊರಟೇಹೋದ.

ನಾನು ಕಿವಿಯಾರೆ ಕೇಳಿದೆ. ಸಿಕ್ಕಿಬಿದ್ದ ಎಂದುಕೊಂಡು ಓಡಿದೆ. ಹಫೀಜ್ ಡಬ್ಬಿ ತೆರೆದಿದ್ದ. ಮೇಲೆ ಮೈಸೂರ್ ಪಾಕ್, ಕೆಳಗೆ ನೋಟಿನ ಕಟ್ಟು.

"ಏನ್ಲೇ ಇದು?" ಎಂದೆ.

"ಪಂದ್ಯದ ಹಿಂದಿನ ದಿನ ಹೋಟೆಲಿನ್ಯಾಗ ಒಬ್ಬ ಬಂದಿದ್ದ ಕಾಕಾ. ಕಡೀಗೆ ಒಂದು ಪಾಯಿಂಟ್ ಬಿಟ್ಟುಕೊಡು ಅಂದ. ಆಗಲ್ಲ ಅಂದೆ. ಅಂಜಿಕಿ ಆಗಿ ಯಾರ ಮುಂದೂ ಹೇಳ್ಲಿಲ್ಲ. ಕಡೀ ರೈಡಿಗೆ ಬಂದವನ ಕಾಲಬೆರಳು ನನಗ ಖರೇನ ಹತ್ತಿತ್ರಿ. ನಾ ಕೈ ಎತ್ತಿದ್ದು ಅವರ ಸಲುವಾಗೇ ಅಂತ ತಿಳಕೊಂಡಾರ."

"ಹತ್ತಿದ್ರ ಹತ್ಲಿ! ಕೈ ಎತ್ತಿದ್ರ ನೀನ ಕಳ್ಳ ಆಗ್ತಿ ಅಂತ ಹೊಳೀಲಿಲ್ಲೇನು?"

"ಹೊಳೀತ್ರಿ. ಅಷ್ಟೊತ್ತಿಗೆ ಕೈ ಮ್ಯಾಲ ಹೋಗಿತ್ತು."

"ಡಬ್ಬಿ ಕಾಲುವಿಗೆ ಒಗಿ. ನಾ ಏನೂ ನೋಡಿಲ್ಲ" ಎಂದೆ.

ಅವನು ಕೇಳಲಿಲ್ಲ. ಅಂದೇ ಸಂಜೆ ರಾಯಚೂರಿಗೆ ಹೋಗಿ ರೈಲು ಹತ್ತಿ, ಡಬ್ಬಿಯನ್ನು ವಿಚಾರಣೆಯವರ ಮೇಜಿನ ಮೇಲೆ ಇಟ್ಟ. ದಾರಿಯಲ್ಲಿ ಒಂದಿಷ್ಟು ತೆಗೆದಿಟ್ಟಿರಬಹುದೇ ಎಂದು ನನಗೆ ಆಗಲೂ ಅನಿಸಿತ್ತು, ನನ್ನ ಬುದ್ಧಿಯೇ ಹಾಗೆ. ವಿಚಾರಣೆಯವರ ಬುದ್ಧಿ ನನ್ನದಕ್ಕಿಂತ ಮುಂದಿತ್ತು. ನೀನು ಕೆಲಸ ಮಾಡದಿದ್ದರೆ ಕೂಲಿ ಯಾಕೆ ಬಂತು ಎಂದು ಕೇಳಿದರು. ಆಮಿಷದ ಸುದ್ದಿ ಮುಚ್ಚಿಟ್ಟದ್ದೂ ತಪ್ಪೇ ಎಂದರು. ಅವನನ್ನು ಲೀಗಿನಿಂದ ಶಾಶ್ವತವಾಗಿ ಹೊರಗೆ ಹಾಕಿದರು. ಡಬ್ಬಿ ಕಳಿಸಿದವನು ಸಿಗಲೇ ಇಲ್ಲ. ಹುಡುಕಿದರೋ ಇಲ್ಲವೋ, ನನಗೆ ಅದರ ಮೇಲೂ ಸಂಶಯ.

ಹಫೀಜನನ್ನು ಮಾತ್ರ ನಾನು ನಂಬಿದೆ. ಮನೆಗೆ ಬಂದ ರೊಕ್ಕವನ್ನು ತಾನೇ ಹೊತ್ತುಕೊಂಡು ಹೋಗಿ ಕೊಟ್ಟು ಬೈಸಿಕೊಂಡವನನ್ನು ನಂಬದಿದ್ದರೆ ಇನ್ಯಾರನ್ನು ನಂಬಲಿ? ಊರು ನಂಬಲಿಲ್ಲ. "ಹಣ್ಣು ಖರೇನ ಸಿಹಿ ಅದಾವೋ, ಇದೂ ಫಿಕ್ಸಿಂಗೋ?" ಎಂದು ಗಿರಾಕಿಗಳು ಕಾಡುತ್ತಾರೆ. ಅವನು ನಕ್ಕು ಒಂದು ಹಣ್ಣು ಹೆಚ್ಚಿಗೆ ಹಾಕುತ್ತಾನೆ.

ಮೊನ್ನೆ ಅವನ ಮೂರು ಗಾಲಿಯ ಟಂಟಂನಲ್ಲಿ ಬಾಳೆಗೊನೆಗಳ ಜೊತೆ ನಾನೂ ಪೋತ್ನಾಳಕ್ಕೆ ಹೋಗಿದ್ದೆ. ಜಂಬಣ್ಣ ಮಾಸ್ತರರ ಬಯಲಿನಲ್ಲಿ ಆಟ ನಡೆದಿತ್ತು. ಹಫೀಜ್ ಗಾಡಿ ನಿಲ್ಲಿಸಿದ. ನಮ್ಮ ಕಣ್ಣೆದುರೇ ರೈಡಿಗೆ ಬಂದವನ ಕೈ ಒಬ್ಬನ ಭುಜಕ್ಕೆ ತಗುಲಿತು. ಮುಟ್ಟಿಸಿಕೊಂಡವನ ಕೈ ಅರ್ಧ ಮೇಲೆದ್ದಿತು.

"ಹಫೀಜ್ ಆಗಬ್ಯಾಡಲೇ!" ಎಂದು ಅವನ ಕಡೆಯವರೇ ಕೂಗಿದರು.

ಎದ್ದ ಕೈ ಕೆಳಗಿಳಿಯಿತು. ಆಟ ಮುಂದುವರಿಯಿತು. ಕುರ್ಚಿಯಲ್ಲಿ ಕೂತಿದ್ದ ಮಾಸ್ತರರು ನೆಲ ನೋಡಿದರು.

"ಮುಟ್ಟಿತ್ತಲ್ರಿ ಕಾಕಾ?" ಎಂದು ಹಫೀಜ್ ಕೇಳಿದ.

"ಮುಟ್ಟಿತ್ತಪ್ಪ. ನಾ ನೋಡೀನಿ."

ಲೀಗಿನವರು ಹೊರಗೆ ಹಾಕಿದಾಗ ಕಣ್ಣು ಒದ್ದೆ ಮಾಡದಿದ್ದ ಹುಡುಗ ಟಂಟಂನ ಹ್ಯಾಂಡಲ್ ಮೇಲೆ ತಲೆಯಿಟ್ಟು ಅತ್ತುಬಿಟ್ಟ.