ಕಾರಿನ ಸಾಲ ಯಾರ ಹೆಸರಿಗೆ

ಅವತ್ತು ಐತವಾರ. ಚಿತ್ತಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಮಂದಿ ಕೂತಿದ್ದೆವು: ನಾನು, ನಮ್ಮ ಮನೆಯವರು, ವಾಡಿಯಲ್ಲಿ ರೈಲ್ವೆ ನೌಕರಿ ಮಾಡುವ ಅವರ ತಮ್ಮ, ಮತ್ತೆ ಸನ್ನತಿಯಿಂದ ಜೋಳದ ಹಿಟ್ಟಿನ ಚೀಲ ಹೊತ್ತು ತಂದಿದ್ದ ಅವರ ಅಕ್ಕ. ನಾನೂ ಅವರನ್ನು ಅಕ್ಕಾ ಎಂದೇ ಕರೆಯುವುದು. ಫರ್ಸಿ ಕಲ್ಲಿನ ನೆಲ ತಣ್ಣಗಿದೆಯೆಂದು ಅಕ್ಕ ಗೋಡೆಗೆ ಬೆನ್ನು ಕೊಟ್ಟು ಕೆಳಗೇ ಕಾಲು ಚಾಚಿದ್ದರು. ಮಾತು ಒಂದೇ, ಕಾರು ತಗೊಳ್ಳಲು ಸಾಲ ಎಲ್ಲಿಂದ ತರೋದು.

ಕಾರಿನ ಹುಚ್ಚು ನಮ್ಮಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಮನೆಯವರು ಶಹಾಬಾದಿನಲ್ಲಿ ಫರ್ಸಿ ಪಾಲಿಶ್ ಮಷೀನು ನಡೆಸಿದವರು, ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವಾಕಿ. ಸೇಡಂನ ಲಗ್ನವಿರಲಿ, ಚಿಂಚೋಳಿಯ ಕಾಡು ನೋಡೋದಿರಲಿ, ಎಲ್ಲಕ್ಕೂ ಅವರ ಮೋಟರ್‌ಸೈಕಲ್ಲೇ ಆಗಬೇಕು. ಹೋದ ವರ್ಷ ಕಲಬುರಗಿಯ ಆಸ್ಪತ್ರೆಯಲ್ಲಿ ಅವರ ಎದೆಯೊಳಗೆ ಸ್ಟೆಂಟು ಕೂಡಿಸಿದರು. ನಮ್ಮ ಮಂದಿ ಅದಕ್ಕೆ ಸ್ಪ್ರಿಂಗ್ ಅಂತಾರೆ. ಸ್ವಲ್ಪ ದಿನ ಗಾಡಿ ಹೊಡೀಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಇವರು ಗಾಡಿಯನ್ನೇ ಮಾರಿಬಿಟ್ಟರು. ಆಮೇಲೆ ಮನೆ ಬಿಟ್ಟರೆ ಮೂಲೆಯ ಚಾದಂಗಡಿ, ಚಾದಂಗಡಿ ಬಿಟ್ಟರೆ ಮನೆ. ಯಾರು ಕರೆದರೂ "ನೀ ಹೋಗಿ ಬಾ" ಎನ್ನುವರು. ಸ್ವಂತ ಅಕ್ಕನ ಮನೆಗೂ ಒಂದು ವರ್ಷ ಹೋಗಲಿಲ್ಲ. ಕಾರು ಬೇಕಾಗಿದ್ದು ನನಗೆ, ಈ ಮನುಷ್ಯನನ್ನು ಕುರ್ಚಿಯಿಂದ ಎಬ್ಬಿಸಿ ಹೊರಗೆ ಕರಕೊಂಡು ಹೋಗಲಿಕ್ಕೆ.

ಮೈದುನ ಫೋನಿನಲ್ಲಿ ಬೆರಳಾಡಿಸುತ್ತ ಶುರುಮಾಡಿದ. "ವೈನಿ, ಶೋರೂಮಿನವರೇ ಫೈನಾನ್ಸ್ ಮಾಡಸ್ತಾರ. ಒಂದು ತಾಸಿನ ಕೆಲಸ. ಬಡ್ಡಿ ಏಳೇ ಏಳು."

"ಬ್ಯಾಂಕಿನ್ಯಾಗ ಒಂಬತ್ತು ಅಂದಾರ. ಹಂಗಾರ ಶೋರೂಮಿಂದೇ ಕಮ್ಮಿ ಆತಲ್ಲ?"

"ಹಂಗಲ್ಲ ವೈನಿ. ಆ ಏಳು ಕೊನಿತನ ಪೂರಾ ಸಾಲದ ಮ್ಯಾಲ ಬೀಳತದ. ಬ್ಯಾಂಕಿಂದು ತೀರಿಸಿದಂಗ ತೀರಿಸಿದಂಗ ಇಳಕೋತ ಹೋಗತದ."

"ಮತ್ತ ಜಾಸ್ತಿ ಯಾವುದು?"

"ಏಳೇ ಜಾಸ್ತಿ."

"ಈಗ ಶೋರೂಮ್ ಚಲೋ ಅಂದೆಲ್ಲಪ್ಪ?"

"ಚಲೋ ಅನ್ನಲಿಲ್ಲ. ಲಗೂ ಆಗತದ ಅಂದೆ."

ಅಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಏಳು ಜಾಸ್ತಿ, ಒಂಬತ್ತು ಕಮ್ಮಿ! ಇಂಥಾ ಲೆಕ್ಕದಾಗೇ ಏನು ನೀವು ರೈಲು ಬಿಡೋದು? ಅದಕ್ಕೇ ಅವು ಎಂದೂ ಟೈಮಿಗೆ ಬರಂಗಿಲ್ಲ." ಆಮೇಲೆ ನನ್ನ ಕೈ ಹಿಡಿದು, "ಯವ್ವಾ, ಕೈಯಾಗ ಪಾಟ್ಲಿ ಇಟ್ಕೊಂಡು ಊರ ಮಂದಿ ಬಾಗಿಲ ಯಾಕ ಬಡೀತಿ? ಗಿರವಿ ಇಡು, ಗಾಡಿ ತಗೋ, ಆಮ್ಯಾಲ ಬಿಡಿಸ್ಕೋ" ಎಂದರು.

"ಬ್ಯಾಡ" ಎಂದರು ನಮ್ಮ ಮನೆಯವರು. "ಬಂಗಾರ ಆಕಿದು. ಆಕಿ ಹತ್ರನೇ ಇರಲಿ."

"ಅಯ್ಯ, ಹೆಂಡ್ತಿ ಬಂಗಾರಕ್ಕ ಈಗ ಕಾವಲಿಗಿ ನಿಂತಾನ! ಲಗ್ನದಾಗ ಉಂಗುರ ಸಣ್ಣದಾತಂತ ಮುಖ ಉಬ್ಬಿಸ್ಕೊಂಡು ಕುಂತಿದ್ದಿ, ಮರತಿ ಏನೋ?"

ಅವರು ನಗಲಿಲ್ಲ. ಶೋರೂಮಿನದು ಬೇಡ, ಬಂಗಾರ ಬೇಡ. ಬ್ಯಾಂಕಿನದು ಎಂದರೆ, "ಎಷ್ಟು ವರ್ಷದ್ದು?" ಎಂದು ಕೇಳಿದರು. "ಏಳು ವರ್ಷ. ಕಂತು ಹಗುರ ಆಗತದ" ಎಂದೆ. ಅದೂ ಬೇಡ. ನಮ್ಮ ಸ್ಟಾಫ್‌ರೂಮಿನಲ್ಲಿ ಹೆಣ್ಣುಮಕ್ಕಳದೊಂದು ಭಿಶಿ ಇದೆ. ಎಲ್ಲರೂ ತಿಂಗಳಿಗಿಷ್ಟು ಹಾಕೋದು, ಒಬ್ಬೊಬ್ಬರು ಒಂದೊಂದು ತಿಂಗಳು ಗಂಟು ಎತ್ತೋದು. ಅದರ ಮಾತು ತೆಗೆದೆ. ಇನ್ನೂ ಎಷ್ಟು ತಿಂಗಳು ಕಟ್ಟಬೇಕು ಎಂದು ಕೇಳಿದರು. ಒಂದು ವರ್ಷವೂ ಇಲ್ಲ ಎಂದೆ. "ಹಂಗಾರ ಆಗಬಹುದು" ಎಂದರು!

"ಅಣ್ಣ, ಭಿಶಿ ರೊಕ್ಕಕ್ಕ ಕಾರಿನ ಬಾಗಿಲ ಬರತಾವ, ಕಾರು ಬರಂಗಿಲ್ಲ" ಎಂದ ಮೈದುನ.

ಆ ರಾತ್ರಿ ನನಗೇನೂ ತಿಳಿಯಲಿಲ್ಲ. ಇವರಿಗೆ ಬಡ್ಡಿ ಬೇಡವೋ, ಕಾರೇ ಬೇಡವೋ, ಹೆಂಡತಿಯ ಪಗಾರದ ಕಾರಿನಲ್ಲಿ ಕೂರೋದು ಬೇಡವೋ? ಬಾಯಿಬಿಟ್ಟು ಕೇಳಿದರೆ "ನಿನಗ ತಿಳದಂಗ ಮಾಡು" ಎನ್ನುವರು. ತಿಳಿದಂತೆ ಮಾಡಲು ಹೋದರೆ "ಬ್ಯಾಡ".

ಸೇಡಂನ ಶೋರೂಮಿಗೆ ನಾನೊಬ್ಬಳೇ ಹೋದೆ. ಟೈ ಕಟ್ಟಿದ ಇಬ್ಬರು ಹುಡುಗರು ಒಂದೇ ಕಾರಿಗೆ ಎರಡು ರೇಟು ಹೇಳಿದರು. ಒಬ್ಬ ಹೇಳಿದ್ದರಲ್ಲಿ ಟ್ಯಾಕ್ಸು ಸೇರಿತ್ತಂತೆ, ಇನ್ನೊಬ್ಬ ಹೇಳಿದ್ದರಲ್ಲಿ ಸೇರಿರಲಿಲ್ಲವಂತೆ. ಇಬ್ಬರೂ ಸರಿ, ನಾನೊಬ್ಬಳೇ ತಪ್ಪು. ಶಾಲೆಯಲ್ಲಿ ಗಣಿತದ ಮಾಸ್ತರರನ್ನು ಕೇಳಿದೆ. ಬೋರ್ಡಿನ ತುಂಬ ಬಡ್ಡಿಯ ಸೂತ್ರ ಬರೆದು ತೋರಿಸಿ, ಕೈಗಂಟಿದ ಸೀಮೆಸುಣ್ಣ ಕೊಡವಿಕೊಂಡು, "ನಮ್ಮ ಗಾಡಿ ಮಾತ್ರ ಮಾವನ ಹತ್ರ ಕೈಸಾಲ ತಗೊಂಡು ತಂದೀನ್ರಿ ಮೇಡಮ್ಮೋರೆ" ಎಂದರು. ನನ್ನ ಮಾವ ತೀರಿಹೋಗಿ ಎಷ್ಟೋ ವರ್ಷವಾಗಿತ್ತು.

ಕೊನೆಗೆ ನನ್ನ ಪಗಾರ ಬರುವ ಬ್ಯಾಂಕೇ ಗತಿ ಎಂದುಕೊಂಡೆ. "ಒಂದು ಸಹಿ ಬೇಕಾಗಬಹುದು, ಬರ್ರಿ" ಎಂದು ಸುಳ್ಳು ಹೇಳಿ ಅವರನ್ನೂ ಎಬ್ಬಿಸಿದೆ. ಆಟೋದಲ್ಲಿ ಹೋದೆವು. ಅಲ್ಲಿ ಕೂತಿದ್ದ ಆಫೀಸರು ನನಗೆ ಮಗಳಾಗುವ ವಯಸ್ಸಿನ ಹುಡುಗಿ. ನಾನು ಏಳು ವರ್ಷ ಎಂದೆ, ಅವಳು ಕಂತು ಹೇಳಿದಳು. ಇವರು ಮೇಲಿನ ಫ್ಯಾನು ನೋಡುತ್ತ ಕೂತಿದ್ದರು.

"ಮೇಡಂ, ಸಾಲದ ಸಂಗಟ ಒಂದು ವಿಮಾ ಮಾಡಿಸ್ರಿ" ಎಂದಳು ಆ ಹುಡುಗಿ. "ಸಾಲ ತಗೊಂಡವರಿಗಿ ಏನಾರ ಹೆಚ್ಚುಕಮ್ಮಿ ಆದ್ರ ಉಳದ ಬಾಕಿ ವಿಮಾದವರೇ ಕಟ್ಟತಾರ. ಮನಿಯವರ ಮ್ಯಾಲ ಬರಂಗಿಲ್ಲ."

ಇವರು ಕುರ್ಚಿಯನ್ನು ಬರ್ರನೆ ಮುಂದಕ್ಕೆಳೆದರು.

"ಹಂಗಾರ ನನ್ನ ಹೆಸರಿಗಿ ಮಾಡ್ರಿ."

"ಪಗಾರ ಮೇಡಮ್ಮೋರದು ಅದಲ್ರಿ ಅಂಕಲ್."

"ಪಗಾರ ಆಕಿದು ಇರಲಿ. ಸಾಲ ನಂದು ಇರಲಿ."

ಆ ಹುಡುಗಿಗೆ ನಗು ಬಂತು. ಮಾತಿಗೆ ಮಾತೆಂದು, "ಬಿಪಿ, ಶುಗರ್, ಹಾರ್ಟಿಂದು ಏನಾರ ತ್ರಾಸು ಅದ ಏನ್ರಿ?" ಎಂದಳು.

ಇವರು ಸುಳ್ಳು ಹೇಳುವವರಲ್ಲ. ಅಂಗಿಯ ಗುಂಡಿ ಹಿಡಿದು ತಿರುವಿದರು. "ಸಣ್ಣದೊಂದು ಸ್ಪ್ರಿಂಗ್ ಕೂಡಿಸ್ಯಾರವ್ವ. ಭಾಳ ಸಣ್ಣದು."

ಹುಡುಗಿ ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದಳು. ನಾನು ಎದ್ದು ನಿಂತೆ.

ಹೊರಗೆ ಬ್ಯಾಂಕಿನ ಮೆಟ್ಟಿಲ ಮೇಲೆ ಬಿಸಿಲು ಸುಡುತ್ತಿತ್ತು. ಮುಂದೆ ಸಿಮೆಂಟ್ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. "ಇಷ್ಟು ದಿನ ಇದೇ ಏನು ಲೆಕ್ಕ ಹಾಕ್ಲಿಕತ್ತಿದ್ರಿ?" ಎಂದೆ. ಧ್ವನಿ ಬೇಕಾದ್ದಕ್ಕಿಂತ ಜೋರಾಯಿತು.

"ಏಳು ವರ್ಷ ಅಂದ್ರ ಕಮ್ಮಿ ಅಲ್ಲ. ನಡುವ ನಾ ಹೋದೆ ಅಂದ್ರ ನೀ ಒಬ್ಬಾಕಿ ಕಂತು ಕಟ್ಕೋತ ಕುಂದ್ರಬೇಕು. ಆ ಗಾಡಿ ಬಾಗಿಲ ಮುಂದ ನಿಂತಿರತದ. ದಿನಾ ನೋಡಬೇಕು."

"ನೀವು ಇರತೀರಂತ ನಾ ಗಾಡಿ ತಗೋಳಾಕತ್ತೀನಿ. ನೀವು ಇರಂಗಿಲ್ಲಂತ ಸಾಲ ಹುಡಕಾಕತ್ತೀರಿ. ನಾನೇ ಮೊದಲ ಹೋದ್ರ?"

ಅವರು ನಿಜವಾಗಿಯೂ ಬೆಚ್ಚಿಬಿದ್ದರು. "ನಿನಗೇನಾಗ್ಯಾದ?"

"ಏನೂ ಆಗಿಲ್ಲ. ಆಗಬಾರದಂತ ಎಲ್ಲಿ ಅದ?"

ಅದೊಂದು ಲೆಕ್ಕ ಅವರು ಹಾಕಿರಲೇ ಇಲ್ಲ. "ಮತ್ತ ಹೆಂಗ ಮಾಡೂನು?" ಎಂದು ಕೇಳಿದರು. ಇಷ್ಟು ದಿನದ ಸಾಲದ ಮಾತಿನಲ್ಲಿ ಅವರು ನನ್ನ ಸಲಹೆ ಕೇಳಿದ್ದು ಅದೇ ಮೊದಲು.

ಅಲ್ಲೇ ಮೆಟ್ಟಿಲ ಮೇಲೆ ನಿಂತು ಚೌಕಾಸಿ ನಡೆಯಿತು. ಅವರು ಎರಡು ವರ್ಷ ಎಂದರು, ನಾನು ಐದು ಎಂದೆ. ಒಳಗಿನ ಹುಡುಗಿ ಗಾಜಿನಿಂದ ನೋಡುತ್ತಲೇ ಇದ್ದಳು. ಮೂರಕ್ಕೆ ಬಂದು ನಿಂತೆವು. ಭಿಶಿಯ ಗಂಟು ಮೊದಲಿಗೆ ಕಟ್ಟೋದು, ಉಳಿದದ್ದು ನನ್ನ ಹೆಸರಿಗೆ ಬ್ಯಾಂಕಿನ ಸಾಲ. ಕಂತು ಭಾರವಾಗುತ್ತದೆಂದು ಕಾರು ಒಂದು ಮೆಟ್ಟಿಲು ಸಣ್ಣದಾಯಿತು. ವಿಮೆ? ಅದನ್ನೂ "ಆಕಿ ಹೆಸರಿಗೇ ಮಾಡ್ರಿ" ಎಂದು ಇವರೇ ಒಳಗೆ ಹೋಗಿ ಹುಡುಗಿಗೆ ಹೇಳಿ ಬಂದರು. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ನಾವು ಮಾಡಿದ್ದು ಸರಿಯೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ. ಮೈದುನ ಈಗಲೂ ಬಂದಾಗೆಲ್ಲ ಫೋನು ತೆಗೆದು, ಐದು ವರ್ಷಕ್ಕೆ ತಗೊಂಡಿದ್ದರೆ ಹಿಂಗಾಗುತ್ತಿತ್ತು, ಹಂಗಾಗುತ್ತಿತ್ತು ಎಂದು ತೋರಿಸುತ್ತಾನೆ. ತೋರಿಸುವಾಗ ಹೌದೆಂದು ಕಾಣುತ್ತದೆ, ಅವನು ಫೋನು ಒಳಗಿಟ್ಟ ಮೇಲೆ ಅಲ್ಲವೆಂದು ಕಾಣುತ್ತದೆ.

ಕಾರು ಬಂದಾಗ ನಮ್ಮಿಬ್ಬರಿಗೂ ಓಡಿಸಲು ಬರುತ್ತಿರಲಿಲ್ಲ. ಕಲಿಯಬೇಕಾದವಳು ನಾನು ಎಂದು ಮಾತಾಗಿತ್ತು. ಪರೀಕ್ಷೆ, ಪೇಪರು ತಿದ್ದೋದು ಎಂದು ನನಗೆ ಪುರುಸೊತ್ತಾಗಲಿಲ್ಲ. ಬಿಳಿ ಧೂಳು ಹೊದ್ದು ಕಾರು ಬಾಗಿಲ ಮುಂದೆ ನಿಂತಿತ್ತು.

ಒಂದು ಸೋಮವಾರ ಶಾಲೆಯಿಂದ ಬಂದರೆ ಮನೆಗೆ ಬೀಗ. ಚಾದಂಗಡಿಯಲ್ಲೂ ಇರಲಿಲ್ಲ. ಕತ್ತಲಾಗುವ ಹೊತ್ತಿಗೆ ಅವರು ಬಂದರು. ಕಲಬುರಗಿಗೆ ಹೋಗಿ ಕಾರು ಓಡಿಸಬಹುದೇ ಎಂದು ಡಾಕ್ಟರನ್ನು ಕೇಳಿ, ಅವರು ಹೂಂ ಎಂದ ಮೇಲೆ ಬರುವಾಗ ಶಹಾಬಾದಿನಲ್ಲಿ ಇಳಿದು, ಡ್ರೈವಿಂಗ್ ಸ್ಕೂಲಿಗೆ ತಮ್ಮದೇ ಹೆಸರು ಹಚ್ಚಿ ಬಂದಿದ್ದರು.